ಸಂತರ ದಾರಿ ನಮ್ಮ ಬೀದಿಯಲ್ಲೇ ಇದೆ

(ಸಕಲ ಸಂತರ ಹಬ್ಬದ ಅಂಗವಾಗಿ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ನವೆಂಬರ್ 1 ಸಕಲ ಸಂತರ ಹಬ್ಬ. ಮರುದಿನವೇ ಮೃತರೆಲ್ಲರ ಸ್ಮರಣೆ. ಮೊದಲ ದಿನ ಸಂತರನ್ನು ಕೊಂಡಾಡುತ್ತೇವೆ, ಮರುದಿನ ಸಮಾಧಿಗೆ ಹೋಗಿ ಮೇಣದ ಬತ್ತಿ ಹಚ್ಚಿ ನಮ್ಮವರಿಗಾಗಿ ಪ್ರಾರ್ಥಿಸುತ್ತೇವೆ. ಈ ಎರಡು ದಿನ ಅಕ್ಕಪಕ್ಕ ಇರುವುದರಲ್ಲಿ ಅರ್ಥವಿದೆ. ದೇವರನ್ನು ಸೇರಿದವರೂ, ಇಲ್ಲಿ ಇನ್ನೂ ದುಡಿಯುತ್ತಿರುವ ನಾವೂ ಒಂದೇ ಕುಟುಂಬ. ಸಾವು ಈ ನಂಟನ್ನು ಕಡಿಯಲಾರದು ಎಂಬುದು ನಮ್ಮ ವಿಶ್ವಾಸ.

ಸಂತರು ಅಂದ ಕೂಡಲೇ ಬಲಿಪೀಠದ ಮೇಲಿನ ಸ್ವರೂಪಗಳು ನೆನಪಿಗೆ ಬರುತ್ತವೆ. 'ಅದೆಲ್ಲಾ ನಮ್ಮಂಥವರಿಗಲ್ಲ ಸಿಸ್ಟರ್' ಅಂತ ನೀವು ಹೇಳ್ತೀರಿ. ಆದರೆ ಪವಿತ್ರತೆಯ ಕರೆ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಮಾತ್ರವಲ್ಲ, ಸಂಸಾರಸ್ಥರಿಗೂ, ಕೂಲಿ ಮಾಡುವವರಿಗೂ ಇದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಸಾರಿತು. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯಂ ಅವರು ಗುರುಗಳಲ್ಲ, ಹೆಂಡತಿಯೊಡನೆ ಸಂಸಾರ ಮಾಡಿದ ಗೃಹಸ್ಥರು.

ಇನ್ನೊಬ್ಬರನ್ನು ನೋಡೋಣ. ಧನ್ಯೆ ರಾಣಿ ಮರಿಯ ಕೇರಳದಲ್ಲಿ ಹುಟ್ಟಿದ ಕನ್ಯಾಸ್ತ್ರೀ. ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರ, ಆದಿವಾಸಿಗಳ ನಡುವೆ ಕೆಲಸ ಮಾಡಿದರು. ಉಳಿತಾಯ ಕಲಿಸಿದರು, ಬಡ್ಡಿ ಸಾಲದಿಂದ ಹೊರಬರುವ ದಾರಿ ತೋರಿಸಿದರು, ಹಕ್ಕು ಕೇಳುವ ಧೈರ್ಯ ತುಂಬಿದರು. ನಾವು ಸಂಘಗಳಲ್ಲಿ ಮಾಡುವ ಕೆಲಸವೇ ಅಲ್ವಾ? ಅದರಿಂದ ಲಾಭ ಕಳೆದುಕೊಂಡವರಿಗೆ ಸಿಟ್ಟು ಬಂತು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮುಂದರ್ ಸಿಂಗ್ ಎಂಬಾತ ಅವರನ್ನು ಇರಿದು ಕೊಂದ. ಆಗ ಅವರಿಗೆ 41 ವರ್ಷ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2002ರಲ್ಲಿ ರಾಣಿ ಮರಿಯ ಅವರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಜೈಲಿಗೆ ಹೋಗಿ ಆತನ ಕೈಗೆ ರಾಖಿ ಕಟ್ಟಿ ಅಣ್ಣ ಎಂದರು. ಅವನ ಬಿಡುಗಡೆಗೂ ಮನೆಯವರು ಒಪ್ಪಿದರು. 2006ರಲ್ಲಿ ಹೊರಬಂದ ಆತ ಕೇರಳಕ್ಕೆ ಹೋಗಿ ಅವರ ತಂದೆತಾಯಿಯ ಕ್ಷಮೆ ಕೇಳಿದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರಿಗೆ ಧನ್ಯತಾ ಪದವಿ ದೊರೆಯಿತು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಕ್ಷಮೆ ಅಂದರೆ ಕೇಸು ಮುಚ್ಚಿಹಾಕುವುದಲ್ಲ. ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಆತ ಜೈಲಿನಲ್ಲಿ ವರ್ಷಗಟ್ಟಲೆ ಇದ್ದ. ಹಗೆ ಮಾತ್ರ ಆ ಮನೆಯಲ್ಲಿ ಬೇರು ಬಿಡಲಿಲ್ಲ. ಮನೆಯಲ್ಲಿ ಪೆಟ್ಟು ತಿನ್ನುವ ತಂಗಿಗೆ 'ಸಹಿಸಿಕೋ, ಸ್ವರ್ಗದಲ್ಲಿ ಫಲ ಸಿಗುತ್ತೆ' ಅಂತ ಹೇಳಿ ಕಳಿಸುವುದು ಪವಿತ್ರತೆಯಲ್ಲ. ಅವಳ ಜೊತೆ ಠಾಣೆಗೆ ಹೋಗುವುದು ಪವಿತ್ರತೆ.

ಹಾಗಾದರೆ ನಿತ್ಯಜೀವದ ಭರವಸೆ ಯಾತಕ್ಕೆ? ಅದು ಕಷ್ಟ ಮರೆಸುವ ಮಾತಲ್ಲ, ಹೆದರಿಕೆ ಬಿಡಿಸುವ ಶಕ್ತಿ. ಒಳ್ಳೆಯದಕ್ಕಾಗಿ ಸವೆದ ಬದುಕನ್ನು ದೇವರು ಕಳೆದುಹೋಗಲು ಬಿಡುವುದಿಲ್ಲ ಎಂದು ನಂಬಿದವರು ಬೆದರಿಕೆಗೆ ಬಗ್ಗುವುದಿಲ್ಲ. ಕೊನೆಯ ತೀರ್ಪಿನ ದಿನ ಯೇಸುಸ್ವಾಮಿ ಕೇಳುವುದೂ ಹಸಿದವರ, ಬಟ್ಟೆಯಿಲ್ಲದವರ, ಸೆರೆಯಲ್ಲಿರುವವರ ವಿಷಯವನ್ನೇ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿ.

ಈ ನವೆಂಬರಿನಲ್ಲಿ ಮೂರು ಕೆಲಸ ಮಾಡೋಣ. ತೀರಿಕೊಂಡ ನಮ್ಮ ಸದಸ್ಯೆಯರ ಹೆಸರು ಹೇಳಿ ಸಂಘದಲ್ಲಿ ಪ್ರಾರ್ಥಿಸೋಣ. ಬೇರೆ ಧರ್ಮದ ಅಕ್ಕಂದಿರು ಅವರವರ ರೀತಿಯಲ್ಲಿ ನೆನೆಯಲಿ. ಕಂತು ಕಟ್ಟಲಾಗದೆ ಸಂಘ ಬಿಟ್ಟವರ ಮನೆಗೆ ಹೋಗಿ, ಸಾಲ ಕೇಳದೆ ಕ್ಷೇಮ ವಿಚಾರಿಸೋಣ. ಮಾತು ಬಿಟ್ಟವರೊಡನೆ ನಾವೇ ಮೊದಲು ಮಾತಾಡೋಣ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.