ಸಂತರ ಹಬ್ಬದ ಮುನ್ನಾ ಸಂಜೆ: ಮನೆಯಲ್ಲೊಂದು ದೀಪ



ನವೆಂಬರ್ 1ರಂದು ಸಕಲ ಸಂತರ ಮಹೋತ್ಸವ. ಮರುದಿನ ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಇವೆರಡಕ್ಕೂ ಮುಂಚಿನ ಅಕ್ಟೋಬರ್ 31ರ ಸಂಜೆಯ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದಕ್ಕೂ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಕಳೆದ ವರ್ಷ ಆ ಸಂಜೆ ಒಂದು ಮನೆಗೆ ಹೋಗಿದ್ದೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಬಾಗಿಲಿಗೆ ಕಾಗದದ ಅಸ್ಥಿಪಂಜರ, ಕಿಟಕಿಯಲ್ಲಿ ಪ್ಲಾಸ್ಟಿಕ್ ಕುಂಬಳಕಾಯಿ. ಗೆಳೆಯರೆಲ್ಲ ಹ್ಯಾಲೋವೀನ್ ಮಾಡುತ್ತಾರೆಂದು ಮಗ ಹಟ ಹಿಡಿದನಂತೆ. ನಾನು ಹೊಸ್ತಿಲಲ್ಲೇ ನಿಂತು, "ಕ್ರೈಸ್ತರ ಮನೆಯಲ್ಲಿ ಇದೇನಮ್ಮಾ?" ಎಂದು ಗದರಿಬಿಟ್ಟೆ. ತಾಯಿ ತಲೆ ತಗ್ಗಿಸಿದರು. ಏಳು ವರ್ಷದ ಮಗ ಮಾತ್ರ ಆ ಅಸ್ಥಿಪಂಜರ ತೋರಿಸಿ, "ಫಾದರ್, ನಮ್ಮ ಅಜ್ಜಿ ಈಗ ಹೀಗಿದ್ದಾರಾ?" ಎಂದು ಕೇಳಿದ.

ಅವನ ಅಜ್ಜಿ ಜೂನ್ ತಿಂಗಳಲ್ಲಿ ತೀರಿಕೊಂಡಿದ್ದರು. ಅಂತ್ಯಕ್ರಿಯೆ ನಡೆಸಿದವನು ನಾನೇ. ಮಗು ಅಳುತ್ತದೆಂದು ಮನೆಯವರು ಫೋಟೋವನ್ನು ಬೀರುವಿನಲ್ಲಿ ಇಟ್ಟಿದ್ದರು, ಹೆಸರನ್ನೂ ಎತ್ತುತ್ತಿರಲಿಲ್ಲ. ಏನೋ ಒಂದು ಹೇಳಿ, ಆಶೀರ್ವಾದ ಮಾಡಿ ಹೊರಟುಬಂದೆ. ರಾತ್ರಿ ನಿದ್ದೆ ಬರಲಿಲ್ಲ.

ಪ್ರಿಯರೇ, ಹ್ಯಾಲೋವೀನ್ ಎಂಬ ಹೆಸರು ಮೂಲದಲ್ಲಿ ನಮ್ಮದೇ. ಸಕಲ ಸಂತರ ಹಬ್ಬದ ಜಾಗರಣೆಯ ಸಂಜೆ ಎಂಬುದೇ ಅದರ ಅರ್ಥ. 609ರಲ್ಲಿ ಪೋಪ್ ನಾಲ್ಕನೇ ಬೋನಿಫಾಸ್‌ರವರು ರೋಮಿನ ಪ್ಯಾಂಥಿಯನ್ ಗುಡಿಯನ್ನು ಮಾತೆ ಮರಿಯಳಿಗೂ ಸಕಲ ರಕ್ತಸಾಕ್ಷಿಗಳಿಗೂ ಪ್ರತಿಷ್ಠಾಪಿಸಿದರು. ಮುಂದೆ 8ನೇ ಶತಮಾನದಲ್ಲಿ ಪೋಪ್ ಮೂರನೇ ಗ್ರೆಗೊರಿಯವರು ಸಂತ ಪೇತ್ರರ ದೇವಾಲಯದಲ್ಲಿ ಸಕಲ ಸಂತರಿಗೆಂದು ಪ್ರಾರ್ಥನಾಲಯ ಮಾಡಿಸಿದರು. ಮೃತರ ಸ್ಮರಣೆಯನ್ನು ನವೆಂಬರ್ 2ರಂದು ಆಚರಿಸುವ ಪದ್ಧತಿ ಕ್ಲೂನಿ ಮಠದ ಸಂತ ಓಡಿಲೋರವರಿಂದ ಹರಡಿತು. ಐರ್ಲೆಂಡಿನ ಜನ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಕ್ಷಾಮದಿಂದ ಅಮೆರಿಕಕ್ಕೆ ವಲಸೆ ಹೋದಾಗ, ಅಲ್ಲಿ ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು. ಕಾಲಕ್ರಮೇಣ ದೀಪ ಉಳಿಯಿತು, ಸಂತರು ಮರೆತುಹೋದರು. ಇಂದು ಅಂಗಡಿಯಲ್ಲಿ ಸಿಗುವುದು ಭಯ ಮಾತ್ರ.

ಆದ್ದರಿಂದ ಮಕ್ಕಳ ಕೈಯಿಂದ ಅಲಂಕಾರವನ್ನು ಕಿತ್ತುಕೊಳ್ಳಬೇಡಿ. ಅದಕ್ಕಿಂತ ಒಳ್ಳೆಯದನ್ನು ಕೊಡಿ. "ಫಾದರ್, ಸಮಯ ಎಲ್ಲಿದೆ?" ಎನ್ನುತ್ತೀರಿ. ಕಾಲು ಗಂಟೆ ಸಾಕು. ಮನೆಯ ಒಂದು ಮೂಲೆಯಲ್ಲಿ ಸ್ಟೂಲು ಇಟ್ಟು ಬಿಳಿ ಬಟ್ಟೆ ಹಾಸಿ. ಬಿಳಿ ಸಂತರ ಹಬ್ಬದ ಬಣ್ಣ. ನಡುವೆ ಶಿಲುಬೆ ಇಡಿ. ಅಗಲಿದವರ ಫೋಟೋವನ್ನು ಬೀರುವಿನಿಂದ ಹೊರತೆಗೆಯಿರಿ; ಫೋಟೋ ಇಲ್ಲದಿದ್ದರೆ ಚೀಟಿಯಲ್ಲಿ ಹೆಸರು ಬರೆದಿಡಿ. ಮಕ್ಕಳು ತಮ್ಮ ಹೆಸರಿನ ಸಂತರ ಚಿತ್ರ ಬರೆದು ಗೋಡೆಗೆ ಅಂಟಿಸಲಿ. ಎರಡು ಮೊಳ ಸೇವಂತಿಗೆ ಸಾಕು. ಕುಂಬಳಕಾಯಿ ಬೇಕೇ ಬೇಕೆಂದರೆ ದೊಡ್ಡವರು ಅದರಲ್ಲಿ ಶಿಲುಬೆಯ ಆಕಾರ ಕೊರೆದುಕೊಡಿ, ತಿರುಳು ಪಲ್ಯಕ್ಕಾಗುತ್ತದೆ. ದೀಪ ಪರದೆಯಿಂದ ದೂರವಿರಲಿ, ಮಲಗುವ ಮುನ್ನ ಆರಿಸಿ.

ರಾತ್ರಿ ಪಾಳಿ ಮುಗಿಸಿ ತಡವಾಗಿ ಬರುವವರಿದ್ದರೆ ಅವರು ಬಂದಮೇಲೆ ಹಚ್ಚಿ. ಆ ದಿನ ಆಗದಿದ್ದರೆ ಮರುದಿನ ಹಚ್ಚಿ, ನವೆಂಬರ್ ಪೂರ್ತಿ ಮೃತರ ಸ್ಮರಣೆಯ ತಿಂಗಳೇ ಅಲ್ಲವೇ? ದೀಪದ ಮುಂದೆ ಕುಳಿತು ಅಗಲಿದವರ ಒಂದು ಒಳ್ಳೆಯ ಕೆಲಸವನ್ನು ಮಕ್ಕಳಿಗೆ ಹೇಳಿ. ಯೇಸುಸ್ವಾಮಿ ಧನ್ಯರೆಂದು ಕರೆದ ದೀನರು, ದುಃಖಿತರು, ದಯಾವಂತರು ನಮ್ಮ ಮನೆಗಳಲ್ಲೂ ಬಾಳಿದ್ದಾರೆ. ಒಂದು ಪರಲೋಕ ಜಪ, ಒಂದು ನಮೋ ಮರಿಯ ಹೇಳಿ ಮುಗಿಸಿ. ಮೃತರ ದಿನ ಅದೇ ಹೂವನ್ನು ಸಮಾಧಿಗೆ ಒಯ್ಯಿರಿ.

ಕಳೆದ ವರ್ಷ ನವೆಂಬರ್ 1ರ ಸಂಜೆ ನಾನು ಆ ಮನೆಗೆ ಮತ್ತೆ ಹೋದೆ. ತಾಯಿಯ ಕ್ಷಮೆ ಕೇಳಿದೆ. ಹುಡುಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ: "ಅಜ್ಜಿಯ ದೇಹ ಮಣ್ಣಿನಲ್ಲಿದೆ ಮಗು, ಅದು ನಿಜ. ಆದರೆ ಅಜ್ಜಿ ದೇವರ ಕೈಯಲ್ಲಿದ್ದಾರೆ. ಯೇಸು ಒಂದು ದಿನ ಅವರನ್ನು ದೇಹಸಮೇತ ಎಬ್ಬಿಸುತ್ತಾರೆ. ಅಲ್ಲಿಯವರೆಗೆ ನೀನು ಅವರಿಗಾಗಿ ಪ್ರಾರ್ಥಿಸು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಜ್ಜಿ ಫೋಟೋ ತೆಗಿ ಅಮ್ಮಾ" ಎಂದ. ತಾಯಿ ಬೀರು ತೆರೆದರು. ಐದು ತಿಂಗಳಿಂದ ತಡೆದಿದ್ದ ಅಳು ಬಂತು. ಅಂದು ಆ ಮನೆಯಲ್ಲಿ ಎಲ್ಲರೂ ಅತ್ತರು, ಅಜ್ಜಿಯ ಹೆಸರು ಹಿಡಿದು ಪ್ರಾರ್ಥಿಸಿದರು.

ಪ್ರಿಯರೇ, ನಿಮ್ಮ ಬೀರುವಿನಲ್ಲಿ ಯಾರಿದ್ದಾರೆ? ಈ ವರ್ಷ ಅವರನ್ನು ದೀಪದ ಬಳಿಗೆ ತನ್ನಿ. ಸಕಲ ಸಂತರು ನಮಗಾಗಿ ಪ್ರಾರ್ಥಿಸಲಿ. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.