ಮಲಪ್ರಭೆಯ ಮೂಲ: ಅಡವಿ, ಒಕ್ಕಲುತನ, ಮಳೆ



ಮಲಪಹಾರಿ ಎಂದೂ ಕರೆಯಿಸಿಕೊಳ್ಳುವ ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಬಸವಣ್ಣನವರ ಐಕ್ಯಕ್ಷೇತ್ರಕ್ಕೆ ಹೋದ ಭಕ್ತರು ಆ ನೀರನ್ನು ಕಣ್ಣಿಗೊತ್ತಿಕೊಳ್ಳುವರು. ಅದು ಯಾವ ಅಡವಿಯ ಪ್ರಸಾದವೆಂದು ವಿಚಾರಿಸುವವರು ವಿರಳ.

ಕಡಲ ಮೋಡಗಳು ಸಹ್ಯಾದ್ರಿಯನ್ನೇರುವಾಗ ತಣಿದು ಕಣಕುಂಬಿಯ ಮೇಲೆ ಧಾರಾಕಾರವಾಗಿ ಸುರಿಯುವವು. ಗಿರಿಯನ್ನು ದಾಟಿದ ಮೇಲೆ ಅವುಗಳಲ್ಲಿ ಉಳಿಯುವ ನೀರು ಅಲ್ಪ. ಆದುದರಿಂದಲೇ ಖಾನಾಪುರದಲ್ಲಿ ಭತ್ತ, ಸವದತ್ತಿ ರಾಮದುರ್ಗಗಳ ಎರೆಹೊಲಗಳಲ್ಲಿ ಜೋಳ. ಪಡುವಣ ಅಡವಿಯಲ್ಲಿ ಬಿದ್ದ ಮಳೆಯೇ ನವಿಲುತೀರ್ಥದ ಜಲಾಶಯದಲ್ಲಿ ನಿಂತು, ಕಾಲುವೆಗಳ ಮೂಲಕ ಮೂಡಣ ಸೀಮೆಯ ಒಕ್ಕಲಿಗನನ್ನು ಮುಟ್ಟುವದು.

ಅಡವಿಯನ್ನು ಕಡಿದರೆ ಮಳೆ ಕುಗ್ಗುವದೆಂಬ ವಾದವು ಹಳೆಯದು. 1847ರಲ್ಲಿ ಮುಂಬಯಿ ಇಲಾಖೆಯ ಪ್ರಥಮ ಅರಣ್ಯಾಧಿಕಾರಿಯಾದ ಡಾ. ಅಲೆಗ್ಝಾಂಡರ್ ಗಿಬ್ಸನ್ನರು ಇದನ್ನು ಸರಕಾರಕ್ಕೆ ಒತ್ತಿ ಹೇಳಿದರು. ಆ ಕಾಲದ ಅಧಿಕಾರಿಗಳು ದೋಷವನ್ನು ಬಹುಮಟ್ಟಿಗೆ ಕುಮರಿ ಬೇಸಾಯದ ಮೇಲೆ ಹೊರಿಸಿದರು. ಗುಡ್ಡದ ಒಂದು ಭಾಗವನ್ನು ಕಡಿದು ಸುಟ್ಟು, ಆ ಬೂದಿಯಲ್ಲಿ ಒಂದೆರಡು ವರ್ಷ ರಾಗಿ ಮೊದಲಾದವನ್ನು ಬೆಳೆದು, ಬಳಿಕ ಅನೇಕ ವರ್ಷ ಪಾಳು ಬಿಡುವದೇ ಕುಮರಿ. ಬಡವನ ಕೊಡಲಿಯು ಅಪರಾಧವೆನಿಸಿತು. ಹಡಗುಗಳಿಗೂ ರೈಲುದಾರಿಗೂ ಸಾಗಿದ ಸಾಗವಾನಿಯು ಆದಾಯವೆನಿಸಿತು.

ಆ ವಾದದಲ್ಲಿ ಸತ್ಯವೆಷ್ಟು? 1876ರಲ್ಲಿ ಮಳೆ ತಪ್ಪಿ, 1878ರ ವರೆಗೆ ಘೋರ ಬರಗಾಲ ಕವಿಯಿತು. 1872ರ ಜನಗಣತಿಗಿಂತ 1881ರದರಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆಯು ಕಡಿಮೆಯಾಗಿತ್ತು. ದೂರದ ಶಾಂತಸಾಗರದ ನೀರು ವಿಪರೀತವಾಗಿ ಕಾದು ನಮ್ಮ ಮಾರುತಗಳು ದುರ್ಬಲವಾದದ್ದೇ ಅದಕ್ಕೆ ಮುಖ್ಯ ಕಾರಣವೆಂದು ಇಂದಿನ ಶಾಸ್ತ್ರಜ್ಞರು ಹೇಳುವರು; ಇದಕ್ಕೆ ಎಲ್ ನಿನೊ ಎಂದು ಹೆಸರು. ಕಡಲು ಕೊಡದ ಮಳೆಯನ್ನು ಅಡವಿಯೊಂದೇ ಕೊಡಲಾರದು. ಆದರೆ ಗಿಡಗಳ ಉಸಿರೂ ಮೋಡಕ್ಕೆ ಸೇರುವದು: ಸಹ್ಯಾದ್ರಿಯ ಕಾಡುಗಳ ತೇವವು ತಮಿಳುನಾಡಿನ ಮಳೆಗೆ ನೆರವಾಗುವದೆಂದು ಮುಂಬಯಿಯ ಐ.ಐ.ಟಿ. ಸಂಶೋಧಕರು 2018ರಲ್ಲಿ ತೋರಿಸಿದರು.

ಅಡವಿಯ ಹಿರಿದಾದ ಕಾರ್ಯವೆಂದರೆ ಬಿದ್ದ ಮಳೆಯನ್ನು ಹಿಡಿದಿಡುವದು. ಎಲೆಯ ಹಾಸಿನಲ್ಲಿ ತಡೆದು, ಬೇರುಗಳ ಸಂದಿಯಲ್ಲಿ ಇಂಗಿದ ನೀರು ಒರತೆಯಾಗಿ ಬೇಸಿಗೆಯಲ್ಲಿಯೂ ಜಿನುಗುವದು. ಬೋಳುಗುಡ್ಡದ ನೀರಾದರೋ ಮಣ್ಣನ್ನೂ ಕೊಂಡು ಒಮ್ಮೆಲೆ ಓಡುವದು. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ದಂಡೆಯ ಊರುಗಳನ್ನು ಮುಳುಗಿಸಿತು. ಅಂಥ ಅತಿವೃಷ್ಟಿಯನ್ನು ಅಡವಿಯೂ ಪೂರ್ತಿ ತಡೆಯಲಾರದು. ಗುಡ್ಡದ ಮಣ್ಣನ್ನು ಮಾತ್ರ ಅದು ಕಾಯುವದು.

ಇದು ಹಳ್ಳಿಗರ ಚಿಂತೆ ಮಾತ್ರವಲ್ಲ. ಹಿಂದವಾಡಿಯೇ ಮೊದಲಾದ ಬೆಳಗಾವಿಯ ಓಣಿಗಳ ನಳಗಳಿಗೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪದಿಂದಲೂ ಘಟಪ್ರಭೆಯ ಹಿಡಕಲ್ಲಿನಿಂದಲೂ ನೀರು ಬರುವದು. ಅದೂ ಪಡುವಣ ಬೆಟ್ಟಗಳ ಮಳೆಯೇ.

2011ರಲ್ಲಿ ಖಾನಾಪುರದ ಭೀಮಗಡ ಅಡವಿಯ ಸುಮಾರು 190 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಮಹಾದಾಯಿಯ ಉಗಮವು ಆ ಸೀಮೆಯಲ್ಲಿಯೇ. 2018ರಲ್ಲಿ ನ್ಯಾಯಾಧಿಕರಣವು ಮಹಾದಾಯಿಯ 13.42 ಟಿ.ಎಂ.ಸಿ. ನೀರನ್ನು ಕರ್ನಾಟಕಕ್ಕೆ ಹಂಚಿಕೊಟ್ಟಿತು. ಬಾಯಾರಿದ ಮೂಡಣ ಸೀಮೆಯ ಬೇಡಿಕೆಯು ನ್ಯಾಯವಾದದ್ದು. ಆದರೆ ನ್ಯಾಯಾಲಯವು ಪಾಲನ್ನು ಹಂಚಬಲ್ಲುದು, ಒರತೆಯನ್ನು ಹುಟ್ಟಿಸಲಾರದು.

ಇಷ್ಟಾಗಿ, ಅಡವಿಯನ್ನು ಕಾಯುವ ಭಾರವೆಲ್ಲ ಅಲ್ಲಿಯೇ ಬಾಳುವ ಬಡವನ ಮೇಲೆ ಬೀಳಬಾರದು. ನೀರನ್ನುಣ್ಣುವ ಬಯಲುಸೀಮೆಯವರೂ ನಗರದವರೂ ಆ ಭಾರದಲ್ಲಿ ಪಾಲುಗೊಳ್ಳಬೇಕು. ಉಂಡ ನೀರಿನ ಋಣವನ್ನು ಮೂಲಕ್ಕೆ ಸಲ್ಲಿಸುವದೂ ದಾಸೋಹವೇ ಅಹುದು.