ಪರರ ಸ್ವತ್ತಿಗೆ ಮಾಡುವ ಕೇಡು

ವಕೀಲಿ ವೃತ್ತಿಗೆ ಬಂದ ಹೊಸತರಲ್ಲಿ, ಎಂದರೆ 1980ರ ದಶಕದ ಆರಂಭದಲ್ಲಿ, ಮಲೆನಾಡಿನ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ನಾನೊಂದು ಮೊಕದ್ದಮೆಯನ್ನು ನಡೆಸಿದೆ. ಹೆಸರು, ಊರು ಬೇಡ. ಅಣ್ಣತಮ್ಮಂದಿರಿಬ್ಬರು, ತಂದೆ ತೀರಿಕೊಂಡಿದ್ದರು, ಆಸ್ತಿ ಪಾಲಾಗಿರಲಿಲ್ಲ. ಅಣ್ಣನು ಮನೆಯ ಕೆಳಗಿನ ಜಾಗದಲ್ಲಿ ಅಡಿಕೆಯ ಸಸಿ ನೆಟ್ಟು ನಾಲ್ಕು ವರ್ಷ ಸಾಕಿದ್ದ. ಪಾಲಿನ ಮಾತು ಕೆಟ್ಟುಹೋದ ಒಂದು ರಾತ್ರಿ ತಮ್ಮನು ಕತ್ತಿ ಹಿಡಿದು ಹೋಗಿ ಇಪ್ಪತ್ತನಾಲ್ಕು ಸಸಿಗಳ ಸುಳಿ ಕಡಿದುಹಾಕಿದ. ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಉಳಿದವರಿಗಾಗಿ ಹೇಳುತ್ತೇನೆ. ಅಡಿಕೆಗೆ ಇರುವುದು ಒಂದೇ ಸುಳಿ. ಅದು ಹೋದರೆ ಪಕ್ಕದಿಂದ ಇನ್ನೊಂದು ಚಿಗುರುವುದಿಲ್ಲ.

ತಮ್ಮನು ನನ್ನ ಕಕ್ಷಿದಾರ. "ಸ್ವಾಮಿ, ಜಾಗ ನನ್ನದೂ ಹೌದಲ್ಲ? ನನ್ನ ಸಸಿಯನ್ನು ನಾನು ಕಡಿದರೆ ಅದು ಅಪರಾಧ ಹೇಗಾಗುತ್ತದೆ?" ಎಂದು ಕೇಳಿದ. ಈ ವಾದ ನನಗೆ ಬಹಳ ರುಚಿಸಿತು. ಹಿರಿಯ ವಕೀಲರ ಬಳಿಗೆ ಓಡಿಹೋಗಿ ಅದನ್ನೇ ಹೇಳಿದೆ. ಅವರು ಮಾತಾಡದೆ ದಂಡ ಸಂಹಿತೆಯನ್ನು ಬಿಡಿಸಿ ಒಂದು ಕುದುರೆಯ ಮೇಲೆ ಬೆರಳಿಟ್ಟರು.

ಆ ಕುದುರೆಯ ವಿಷಯ ಹೀಗಿದೆ. 1860ರ ಭಾರತೀಯ ದಂಡ ಸಂಹಿತೆಯ 425ನೆಯ ಕಲಮು ಸ್ವತ್ತಿನ ನಾಶವನ್ನು ಕುರಿತದ್ದು. ಆಂಗ್ಲ ಮೂಲದಲ್ಲಿ ಇದಕ್ಕೆ ಇಟ್ಟ ಹೆಸರು 'ಮಿಸ್ಚಿಫ್'. ಮಕ್ಕಳ ತುಂಟತನಕ್ಕೂ ಅವರಲ್ಲಿ ಅದೇ ಮಾತು; ನಮ್ಮ 'ಕೇಡು' ಎಂಬ ಮಾತೇ ಇಲ್ಲಿ ಹೆಚ್ಚು ಸರಿಯಾಗಿದೆ ಎಂದು ನನ್ನ ಅಭಿಪ್ರಾಯ. ಸಾರ್ವಜನಿಕರಿಗಾಗಲಿ ಯಾವನೇ ವ್ಯಕ್ತಿಗಾಗಲಿ ಅನ್ಯಾಯವಾಗಿ ನಷ್ಟವುಂಟುಮಾಡುವ ಉದ್ದೇಶದಿಂದ, ಅಥವಾ ಹಾಗೆ ನಷ್ಟವಾದೀತೆಂದು ತಿಳಿದೂ, ಸ್ವತ್ತನ್ನು ನಾಶಮಾಡಿದರೆ, ಇಲ್ಲವೆ ಅದರ ಬೆಲೆಯೋ ಉಪಯೋಗವೋ ಕುಗ್ಗುವಂತೆ ಮಾಡಿದರೆ, ಅದು ಕೇಡು. ಕಲಮಿನ ಕೆಳಗೆ ಕೆಲವು ಉದಾಹರಣೆಗಳಿವೆ. ಒಬ್ಬನು ಇನ್ನೊಬ್ಬನ ಉಂಗುರವನ್ನು ಹೊಳೆಗೆ ಎಸೆಯುತ್ತಾನೆ. ಒಬ್ಬನು ಇನ್ನೊಬ್ಬನ ಮಂಜುಗಡ್ಡೆಯ ಉಗ್ರಾಣಕ್ಕೆ ನೀರು ಹಾಯಿಸಿ ಮಂಜನ್ನು ಕರಗಿಸುತ್ತಾನೆ. ಅಮೆರಿಕದಿಂದ ಹಡಗಿನಲ್ಲಿ ಮಂಜುಗಡ್ಡೆ ತರಿಸಿ ಮದರಾಸಿನಲ್ಲಿ ಕೂಡಿಡುತ್ತಿದ್ದ ಕಾಲದ ಮಾತು ಅದು. ಅಂಥ ಉಗ್ರಾಣಗಳು ಹೋದರೂ ಕಾನೂನಿನ ಪುಟದಲ್ಲಿ ಆ ಮಂಜು ಇನ್ನೂ ಕರಗಿಲ್ಲ. ಹಾಗೆಯೇ, ಇಬ್ಬರಿಗೆ ಸೇರಿದ ಒಂದು ಕುದುರೆಯನ್ನು, ಇನ್ನೊಬ್ಬನಿಗೆ ನಷ್ಟವಾಗಲೆಂದು ಒಬ್ಬನು ಗುಂಡಿಕ್ಕಿ ಕೊಲ್ಲುತ್ತಾನೆ. ಅದೂ ಕೇಡೇ. ಸ್ವತ್ತಿನಲ್ಲಿ ತನಗೂ ಪಾಲಿದೆ ಎಂಬುದು ರಕ್ಷಣೆಯಾಗದು. ನನ್ನ ವಾದ ಆ ಕುದುರೆಯೊಡನೆ ಸತ್ತಿತು.

ಕಾನೂನು ಇಲ್ಲಿ ಮೊದಲು ನೋಡುವುದು ಮನಸ್ಸನ್ನು. ಆಡುವ ಹುಡುಗನ ಚೆಂಡು ತಗಲಿ ಕಿಟಕಿಯ ಗಾಜು ಒಡೆದರೆ ಅವನ ತಂದೆ ಗಾಜಿನ ಬೆಲೆ ತೆರಬೇಕಾದೀತು. ಆದರೆ ಅದು ಕೇಡಲ್ಲ. ಬರಿಯ ಅಜಾಗರೂಕತೆ ಈ ಅಪರಾಧಕ್ಕೆ ಸಾಲದು. ಬೆಂಕಿ ಹಬ್ಬದಿರಲೆಂದು, ಜನರನ್ನೋ ಸ್ವತ್ತನ್ನೋ ಉಳಿಸುವುದಕ್ಕಾಗಿ ಸದ್ಭಾವನೆಯಿಂದ ನಡುವಿನ ಮನೆಗಳನ್ನು ಕೆಡವಿದವನನ್ನೂ ಕಾನೂನು ಅಪರಾಧಿಯೆನ್ನುವುದಿಲ್ಲ.

ಅದು ಎರಡನೆಯದಾಗಿ ನೋಡುವುದು ರೂಪಾಯಿಯನ್ನು. ಹಳೆಯ ಸಂಹಿತೆಯಲ್ಲಿ ಸಾಮಾನ್ಯ ಕೇಡಿಗೆ ಮೂರು ತಿಂಗಳವರೆಗೆ ಸೆರೆ, ಅಥವಾ ಜುಲ್ಮಾನೆ, ಅಥವಾ ಎರಡೂ. ನಷ್ಟ 50 ರೂಪಾಯಿ ಮುಟ್ಟಿದರೆ ಎರಡು ವರ್ಷದವರೆಗೆ. ಸಂಹಿತೆ ಜಾರಿಗೆ ಬಂದ 1862ರಲ್ಲಿ 50 ರೂಪಾಯಿ ಸಣ್ಣ ಮೊತ್ತವಲ್ಲ; ಆನೆ, ಒಂಟೆ, ಕುದುರೆ, ಎತ್ತುಗಳ ಜೊತೆಗೆ 'ಐವತ್ತು ರೂಪಾಯಿ ಬಾಳುವ ಬೇರೆ ಯಾವುದೇ ಪ್ರಾಣಿ'ಯನ್ನು ಅದು ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು. ಆ ಗೆರೆ 2024ರವರೆಗೆ ಕದಲಲಿಲ್ಲ. ಕೊನೆಕೊನೆಗೆ ಒಂದು ಗಾಜಿನ ಹಲಗೆಯೂ ಗೆರೆ ದಾಟುತ್ತಿತ್ತು.

ನಾನಾದರೋ ಆ ಗೆರೆಯನ್ನೇ ನಂಬಿದೆ. ವಿಚಾರಣೆಯ ದಿನ ಅಣ್ಣನನ್ನು ಪಾಟೀಸವಾಲಿಗೆ ತೆಗೆದುಕೊಂಡು, "ಸಸಿಯನ್ನು ಎಷ್ಟಕ್ಕೆ ತಂದಿರಿ?" ಎಂದು ಕೇಳಿದೆ. "ಎರಡು ರೂಪಾಯಿಗೆ ಒಂದು." ಇಪ್ಪತ್ತನಾಲ್ಕು ಸಸಿಗೆ ನಲವತ್ತೆಂಟು! ಗೆರೆಗೆ ಎರಡು ರೂಪಾಯಿ ಕಡಿಮೆ. ನಾನು ಗೆದ್ದೆನೆಂದುಕೊಂಡು ಕುಳಿತೆ. ಆತನು ನಿಂತಲ್ಲಿಂದಲೇ ಮೆಲ್ಲಗೆ, "ಅದು ತಂದ ದಿನದ ಬೆಲೆ, ಸ್ವಾಮಿ. ಕಡಿದ ದಿನದ್ದನ್ನು ನೀವು ಕೇಳಲಿಲ್ಲ" ಎಂದ. ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟು ನನ್ನ ಕಡೆ ನೋಡಿದರು. ಆ ನೋಟ ಇಂದಿಗೂ ನನಗೆ ನೆನಪಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 324ನೆಯ ಕಲಮು. ಸಾಮಾನ್ಯ ಕೇಡಿಗೆ ಈಗ ಆರು ತಿಂಗಳವರೆಗೆ ಸೆರೆ. ನಷ್ಟ 20,000 ರೂಪಾಯಿಯಿಂದ ಒಂದು ಲಕ್ಷದೊಳಗಾದರೆ ಎರಡು ವರ್ಷದವರೆಗೆ. ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟರೆ ಐದು ವರ್ಷದವರೆಗೆ. ಬೇಸಾಯದ ನೀರಿಗೆ ಕೊರತೆ ತಂದವನಿಗೆ ಐದು ವರ್ಷದವರೆಗೆ. ವಾಸದ ಮನೆಯನ್ನು ನಾಶಮಾಡಲು ಬೆಂಕಿಯಿಟ್ಟವನಿಗೆ ಹತ್ತು ವರ್ಷ, ಇಲ್ಲವೆ ಜೀವಾವಧಿಯೂ ಆಗಬಹುದು. ಸರ್ಕಾರಿ ಬಸ್ಸು, ವಿದ್ಯುತ್ ಕಂಬಗಳಂಥ ಸಾರ್ವಜನಿಕ ಸ್ವತ್ತಿಗೆ 1984ರ ಪ್ರತ್ಯೇಕ ಕಾಯಿದೆಯೇ ಇದೆ. ಹೊಸ ಸಂಹಿತೆಯು ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆ ಎಂಬ ಶಿಕ್ಷೆಯನ್ನು ತಂದಿದೆ. ಐದು ಸಾವಿರಕ್ಕೆ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದು, ಅದನ್ನು ಹಿಂದಿರುಗಿಸಿದವನಿಗೆ ಅದು ಉಂಟು; ಕೇಡಿಗೆ ಮಾತ್ರ ಇಲ್ಲ. ಕೆಡಿಸಿದ್ದನ್ನು ಕೆಡಿಸಿದವನ ಕೈಯಿಂದಲೇ ಸರಿಪಡಿಸಬಹುದಾದ ಅಪರಾಧ ಇದಕ್ಕಿಂತ ಯಾವುದಿದೆ? ಇದನ್ನು ಬಿಟ್ಟದ್ದೇಕೆಂದು ನನಗೆ ಅರ್ಥವಾಗಿಲ್ಲ.

ಏಕೆಂದರೆ ಜುಲ್ಮಾನೆ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಅದರಿಂದ ನೊಂದವನಿಗೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ, ನಿಜ, ಕೇಳುವವರು ಕಡಿಮೆ. ಇನ್ನೊಂದು ಬಾಗಿಲು ರಾಜಿಯದು. ನಷ್ಟ ಖಾಸಗಿ ವ್ಯಕ್ತಿಗಷ್ಟೇ ಆಗಿದ್ದರೆ ಇಂಥ ಕೇಡನ್ನು ಆತನು ಕ್ಷಮಿಸಿ ರಾಜಿ ಮಾಡಿಕೊಳ್ಳಬಹುದು. ಹಾಗಾದ ಕ್ಷಣವೇ ಆರೋಪಿ ನಿರ್ದೋಷಿ.

ಅಣ್ಣನು ರಾಜಿಗೆ ಒಪ್ಪಿದ. ಸೆರೆಯೂ ಬೇಡ, ಹಣವೂ ಬೇಡ, ಇಪ್ಪತ್ತನಾಲ್ಕು ಸಸಿಗಳನ್ನು ತಮ್ಮನೇ ತಂದು ನೆಟ್ಟು ನಾಲ್ಕು ಬೇಸಿಗೆ ನೀರು ಹೊಯ್ಯಲಿ ಎಂದ. ಆತನ ವಕೀಲರು ಎಚ್ಚರಿಸಿದರು: "ರಾಜಿಗೆ ಸಹಿ ಬಿದ್ದರೆ ಮೊಕದ್ದಮೆ ಮುಗಿಯಿತು. ನಾಳೆ ಅವನು ನೀರು ಹೊಯ್ಯದಿದ್ದರೆ ಈ ಮೊಕದ್ದಮೆ ಮತ್ತೆ ತೆರೆಯದು." ಅಣ್ಣನು, "ಮನೆಯಲ್ಲಿ ಅವ್ವ ಇದ್ದಾಳೆ, ನೋಡಿಕೊಳ್ಳುತ್ತಾಳೆ" ಎಂದು ಹೇಳಿ ಸಹಿ ಹಾಕಿದ.

ಹತ್ತು ಹನ್ನೆರಡು ವರ್ಷಗಳ ಮೇಲೆ ಬೇರೊಂದು ಕೆಲಸಕ್ಕೆ ಆ ಕಡೆ ಹೋದಾಗ ತಮ್ಮನೇ ನನ್ನನ್ನು ತೋಟಕ್ಕೆ ಕರೆದೊಯ್ದ. ಮರಗಳು ಗೊನೆ ಬಿಟ್ಟಿದ್ದವು. ಅವುಗಳ ನಡುವೆ ಒಂದು ಮಾತ್ರ ಇನ್ನೂ ಗಿಡ್ಡ. ಅವನು ನೆಟ್ಟ ಒಂದು ಸಸಿ ಎರಡನೆಯ ಬೇಸಿಗೆಯಲ್ಲಿ ಒಣಗಿತಂತೆ. ಅಣ್ಣನು ಸದ್ದಿಲ್ಲದೆ ಆ ಜಾಗದಲ್ಲಿ ತಾನೇ ಇನ್ನೊಂದು ನೆಟ್ಟನಂತೆ. "ನನಗೆ ಒಂದು ಮಾತು ಹೇಳಬಹುದಿತ್ತು, ಅಲ್ಲವೇ ಸ್ವಾಮಿ?" ಎಂದು ತಮ್ಮ ನನ್ನೆದುರು ದೂರಿದ.